ರಾತ್ರಿ ಹತ್ತರ ನಂತರದ ಭಾಂಡುಪ್

ಈ ವರ್ಷದ ಅರಸಿನ ಕುಂಕುಮ ಮುಗಿದು ಎಲ್ಲರೂ ತಿಂಡಿ ತಟ್ಟೆ ಹಿಡಿದು ಕೂತಿದ್ದಾಗ, ಹೊಸ ಸದಸ್ಯೆಯೊಬ್ಬಳು ನನ್ನ ಪಕ್ಕಕ್ಕೆ ಬಂದು, "ಆಂಟಿ, ಭಾಂಡುಪ್ ಸೇಫಾ? ಎಲ್‌ಬಿಎಸ್ ಮಾರ್ಗದ ಟವರ್‌ನಲ್ಲಿ ಫ್ಲಾಟ್ ನೋಡಿದ್ದೇವೆ. ಕ್ರೈಮ್ ರೇಟ್ ಹೇಗಿದೆಯೋ ಅಂತ ಇವರಿಗೆ ಚಿಂತೆ" ಎಂದಳು. 1986ರಲ್ಲಿ ಮದುವೆಯಾಗಿ ಬಂದವಳು ನಾನು, ಅಂದಿನಿಂದ ಇಲ್ಲೇ ಇದ್ದೇನೆ. ಆದರೂ ಹೌದು ಎನ್ನಲೂ ಬಾಯಿ ಬರಲಿಲ್ಲ, ಇಲ್ಲ ಎನ್ನಲೂ ಬರಲಿಲ್ಲ. ಅವಳಿಗೆ ಅಂದು ಕೊಡಲಾಗದ ಉತ್ತರವನ್ನು ಸ್ಮರಣ ಸಂಚಿಕೆಗೆ ಬರೆಯುತ್ತಿದ್ದೇನೆ.

ನಮ್ಮ ಭಾಂಡುಪ್ ಸಣ್ಣ ಊರೇನಲ್ಲ. ಮುಂಬಯಿಯಿಂದ ಠಾಣೆಗೆ ರೈಲು ಹಾಕಬಹುದೆಂಬ ಯೋಚನೆ ಜಾರ್ಜ್ ಕ್ಲಾರ್ಕ್ ಎಂಬ ಇಂಜಿನಿಯರರಿಗೆ ಹೊಳೆದದ್ದು 1843ರಲ್ಲಿ ಭಾಂಡುಪ್‌ಗೆ ಬಂದಿದ್ದಾಗ. ಹತ್ತು ವರ್ಷದ ನಂತರ, 1853ರ ಏಪ್ರಿಲ್ 16ರಂದು, ದೇಶದ ಮೊದಲ ಪ್ರಯಾಣಿಕರ ರೈಲು ಇದೇ ದಾರಿಯಲ್ಲಿ ಓಡಿತು. ಅದಕ್ಕೂ ಮೊದಲು ಇಲ್ಲಿ ಸೈನ್ಯಕ್ಕೆ ರಮ್ ಒದಗಿಸುವ ದೊಡ್ಡ ಭಟ್ಟಿಯೊಂದಿತ್ತು. 1950ರಲ್ಲಿ ಬೃಹನ್ಮುಂಬಯಿ ಬೆಳೆದಾಗ ಸೆಂಟ್ರಲ್ ಲೈನಿನಲ್ಲಿ ಭಾಂಡುಪ್ ಅದರ ಕೊನೆಯ ಅಂಚಾಯಿತು. ಮುಲುಂಡ್ ಸೇರಿದ್ದು 1957ರಲ್ಲಿ. ಹೊಸ ಮನೆ ಸಿಗದವರು, ಊರಿನಿಂದ ಬರಿಗೈಲಿ ಬಂದವರು ಅಂಚಿಗೇ ಬಂದು ನಿಲ್ಲುವುದಲ್ಲವೇ? ಗುಡ್ಡದ ಮೇಲೆ ಪಾಡಾಗಳು ಹಬ್ಬಿದವು, ಕೆಳಗೆ ಆಗ್ರಾ ರೋಡಿನ ಉದ್ದಕ್ಕೂ ಕಾರ್ಖಾನೆಗಳು ಎದ್ದವು. ಸಿಯೆಟ್, ಏಷ್ಯನ್ ಪೇಂಟ್ಸ್, ಜಿಕೆಡಬ್ಲ್ಯೂ... ಪಾಳಿ ಬಿಟ್ಟಾಗ ರಸ್ತೆ ತುಂಬ ಸೈಕಲ್ಲು.

ನಮ್ಮ ಖೋಲಿ ಗುಡ್ಡದ ಕಡೆಯ ಚಾಳಿನಲ್ಲಿತ್ತು. ಶೌಚಾಲಯ ಐವತ್ತು ಹೆಜ್ಜೆ ಮೇಲೆ, ದಾರಿಗೆ ಒಂದೇ ಬಲ್ಬು, ಅದೂ ತಿಂಗಳಲ್ಲಿ ಹದಿನೈದು ದಿನ ಕೆಟ್ಟಿರುತ್ತಿತ್ತು. ಹಿಂದೆ ರಾಷ್ಟ್ರೀಯ ಉದ್ಯಾನದ ಕಾಡು, ಚಿರತೆಯ ಹೆದರಿಕೆ ಬೇರೆ. ಆದರೆ ನಾವು ಹೆಂಗಸರು ಚಿರತೆಗಿಂತ ಹಾತ್‌ಭಟ್ಟಿ ಕುಡಿದು ಇಳಿದುಬರುವವರಿಗೆ ಹೆಚ್ಚು ಹೆದರುತ್ತಿದ್ದೆವು. ಸಂಜೆ ಏಳರ ಮೇಲೆ ನೀರು ಕುಡಿಯುತ್ತಿರಲಿಲ್ಲ. ಕತ್ತಲಾದ ಮೇಲೆ ಹೋಗಲೇಬೇಕಾದರೆ ಮೂವರು ಸೇರಿ ಹೊರಡುವುದು, ಒಬ್ಬಳ ಕೈಯಲ್ಲಿ ಲಾಟೀನು. ಅವಳು ಮರಾಠಿ, ಇವಳು ತಮಿಳು, ನಾನು ತುಳು. ಹಿಂದಿ ಯಾರಿಗೂ ನೆಟ್ಟಗೆ ಬರುತ್ತಿರಲಿಲ್ಲ. ಆ ಐವತ್ತು ಹೆಜ್ಜೆಯಲ್ಲಿ ಏನೇನಾಯಿತೋ ಅದು ಯಾವ ರಿಜಿಸ್ಟರಿನಲ್ಲೂ ಇಲ್ಲ.

ಕ್ರೈಮ್ ರೇಟ್ ಎಂದರೆ ಲಕ್ಷ ಜನಕ್ಕೆ ಎಷ್ಟು ಕೇಸು ದಾಖಲಾಯಿತು ಎಂಬ ಲೆಕ್ಕ. ದಾಖಲಾಗದ್ದು ಅದರಲ್ಲಿ ಬರುವುದಿಲ್ಲ. ಇದು ನನಗೆ ಅರ್ಥವಾದದ್ದು ಪಕ್ಕದ ಖೋಲಿಯ ಅಕ್ಕನಿಂದ. ಗಂಡ ರಾತ್ರಿ ಹೊಡೆಯುವುದು ಮಧ್ಯದ ತಗಡಿನ ಗೋಡೆಯಲ್ಲಿ ಸ್ಪಷ್ಟ ಕೇಳುತ್ತಿತ್ತು. ಹೊಸ ಮದುಮಗಳು ನಾನು. ರೇಡಿಯೋ ಸ್ವಲ್ಪ ಜೋರು ಮಾಡುತ್ತಿದ್ದೆ. ಬರೆಯಲು ಈಗಲೂ ನಾಚಿಕೆ. ಒಂದು ದಿನ ಅವಳ ತಲೆ ಒಡೆದಾಗ ಲಾಟೀನಿನ ಹೆಂಗಸರೇ ಅವಳನ್ನು ಠಾಣೆಗೆ ಕರೆದೊಯ್ದರು, ನಾನೂ ಹೋದೆ. ಯಾವ ಠಾಣೆ ಎಂಬುದು ಈಗ ಬೇಡ. "ಘರ್ ಕಾ ಮಾಮ್ಲಾ" ಎಂದು ಒಂದು ಎನ್.ಸಿ. ಬರೆದು ಕಳಿಸಿದರು. ಎನ್.ಸಿ. ಎಂದರೆ ತನಿಖೆಯಿಲ್ಲ, ಬಂಧನವಿಲ್ಲ; ಎಫ್‌ಐಆರ್ ಲೆಕ್ಕದಲ್ಲಿ ಅವಳ ಒಡೆದ ತಲೆ ಸೊನ್ನೆ. ಗಂಡನ ಕ್ರೌರ್ಯಕ್ಕೆಂದೇ 498ಎ ಕಲಮು 1983ರಲ್ಲೇ ಬಂದಿತ್ತು. 1984ರಿಂದ ಕ್ರಾಫರ್ಡ್ ಮಾರ್ಕೆಟ್ಟಿನ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಹೆಂಗಸರಿಗಾಗಿ ವಿಶೇಷ ಘಟಕ ನಡೆಸುತ್ತಿದ್ದರು. ಗುಡ್ಡದ ಮೇಲೆ ಇದನ್ನು ನಮಗೆ ಹೇಳುವವರು ಇರಲಿಲ್ಲ. ಎರಡು ವರ್ಷದ ನಂತರ ಅವಳು ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಹೋದಳು. ಮುಂದೇನಾಯಿತೋ ತಿಳಿಯಲಿಲ್ಲ.

ಪೇಪರಿನಲ್ಲಿ ಬರುತ್ತಿದ್ದ ಅಪರಾಧವೇ ಬೇರೆ. ಪಕ್ಕದ ಕಾಂಜೂರಿನಲ್ಲಿ ಅಶೋಕ್ ಜೋಶಿಯ ಗ್ಯಾಂಗು; 1988ರಲ್ಲಿ ಅವನನ್ನು ಪನ್ವೇಲ್ ಕಡೆ ಗುಂಡಿಟ್ಟು ಕೊಂದರು. 1982ರ ಗಿರಣಿ ಮುಷ್ಕರ ನಡೆಸಿದ ದತ್ತಾ ಸಾಮಂತರನ್ನು 1997ರ ಜನವರಿಯಲ್ಲಿ ಪೊವಾಯಿಯ ಮನೆಯ ಹತ್ತಿರವೇ ಕೊಂದರು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಕೆಲಸವಿಲ್ಲದ ಹುಡುಗರು ನಾಕಾದಲ್ಲಿ ನಿಲ್ಲತೊಡಗಿದ್ದನ್ನು ನಾವೇ ಕಂಡಿದ್ದೇವೆ. ಹೋಟೆಲಿನ ನಮ್ಮವರಿಗೆ ಆಗ ಫೋನ್ ರಿಂಗಾದರೆ ಎದೆ ಹಾರುತ್ತಿತ್ತು. ಯಾರಿಗೆ ಕರೆ ಬಂತು, ಎಷ್ಟು ಕೊಟ್ಟರು ಎಂದು ಭಜನೆಯ ಮಧ್ಯೆ ಪಿಸುಮಾತು. ದೂರು ಕೊಟ್ಟವರು ವಿರಳ. 1999ರಲ್ಲಿ ಮೋಕಾ ಕಾನೂನು ಬಂದ ಮೇಲೆ ಆ ಹೆದರಿಕೆ ಮೆಲ್ಲಗೆ ಕರಗಿತು. 1992-93ರ ಗಲಭೆಯ ರಾತ್ರಿಗಳಲ್ಲಿ ಗಂಡಸರು ಕೋಲು ಹಿಡಿದು ಕಾವಲು ಕೂತಿದ್ದರು, ನಾವು ಒಳಗೆ ಮಕ್ಕಳ ಬಾಯಿ ಮುಚ್ಚಿ ಕೂತಿದ್ದೆವು. ಅದರ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ.

ಹಾತ್‌ಭಟ್ಟಿ ಮಾತ್ರ ಸುಲಭಕ್ಕೆ ಹೋಗಲಿಲ್ಲ. 2004ರ ಕೊನೆಯಲ್ಲಿ ವಿಕ್ರೋಳಿಯ ವಿಷಮದ್ಯ ಎಂಬತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಎಲ್ಲ ಬಡವರೇ.

ಬದಲಾದದ್ದೂ ಬಹಳವಿದೆ. ಗೃಹಹಿಂಸೆ ತಡೆ ಕಾಯ್ದೆ 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. 103ಕ್ಕೆ ಕರೆ ಮಾಡಿದರೆ ಪೊಲೀಸರು ಹೆಂಗಸರ ದೂರು ಕೇಳುತ್ತಾರೆ. 2016ರಲ್ಲಿ ನಗರದಲ್ಲಿ ಸುಮಾರು 4,700 ಸಿಸಿಟಿವಿ ಕ್ಯಾಮೆರಾ ಹಾಕಿದರು. ಸಾಕಿನಾಕಾದ ಘಟನೆಯ ನಂತರ 2022ರ ಗಣರಾಜ್ಯೋತ್ಸವದಂದು ನಿರ್ಭಯಾ ಪಥಕಗಳು ಶುರುವಾದವು. ಹಾಗಾಗಿ ಹೆಂಗಸರ ಮೇಲಿನ ಅಪರಾಧ ಹೆಚ್ಚಿತು ಎಂದು ಪೇಪರಿನಲ್ಲಿ ಓದಿದಾಗ ನನಗೆ ಎರಡು ಯೋಚನೆ ಬರುತ್ತದೆ: ನಿಜಕ್ಕೂ ಹೆಚ್ಚಿತೋ, ಅಥವಾ ಎನ್.ಸಿ.ಯಲ್ಲಿ ಮುಗಿಯುತ್ತಿದ್ದದ್ದು ಈಗ ಎಫ್‌ಐಆರ್ ಆಗುತ್ತಿದೆಯೋ? ಅಂಕಿ ನೋಡಿ ಇದನ್ನು ಬಿಡಿಸಲಾಗದು. ಅಂಕಿ ಸೊನ್ನೆಯಾಗಿದ್ದ ಕಾಲದಲ್ಲಿ ನಾನಿದ್ದೆ, ಅದು ಸೇಫ್ ಆಗಿರಲಿಲ್ಲ.

ಟವರಿನ ಗೇಟಿನಲ್ಲಿ ವಾಚ್‌ಮನ್, ಕ್ಯಾಮೆರಾ, ಆಧಾರ್ ತೋರಿಸಿದರೆ ಮಾತ್ರ ಒಳಗೆ, ಎಲ್ಲ ಸರಿ. ಆದರೆ ಆ ಟವರಿಗೆ ಕೆಲಸಕ್ಕೆ ಬರುವ ಬಾಯಿಯರಲ್ಲಿ ಹಲವರು ಅದೇ ಗುಡ್ಡದಿಂದ ಇಳಿಯುತ್ತಾರೆ. 2018ರಲ್ಲಿ ಭಾಂಡುಪ್‌ನಲ್ಲೇ ಸಾರ್ವಜನಿಕ ಶೌಚಾಲಯ ಕುಸಿದು ಇಬ್ಬರು ಸತ್ತರು. ಅದು ಅಪರಾಧದ ಪಟ್ಟಿಗೆ ಸೇರುತ್ತದೋ ಅಪಘಾತದ ಪಟ್ಟಿಗೋ, ನೀವೇ ಹೇಳಿ.

ಆ ಹುಡುಗಿಗೆ ನಾನು ಮೊನ್ನೆ ಫೋನ್ ಮಾಡಿದೆ. ಬಿಲ್ಡರ್ ಭಾನುವಾರ ಮಧ್ಯಾಹ್ನ ಕಾರಿನಲ್ಲಿ ತೋರಿಸಿದ್ದನಂತೆ. "ಅದು ಬೇಡ, ವಾರದ ದಿನ ರಾತ್ರಿ ಹತ್ತರ ಲೋಕಲ್‌ನಿಂದ ಇಳಿದು ಸ್ಟೇಷನ್ನಿನಿಂದ ಮನೆತನಕ ನಡೆದು ನೋಡು. ಎಷ್ಟು ದೀಪ ಉರಿಯುತ್ತಿದೆ, ಎಷ್ಟು ಅಂಗಡಿ ತೆರೆದಿದೆ, ಹೆಂಗಸರು ಎಷ್ಟು ಜನ ಓಡಾಡುತ್ತಾರೆ ಎಣಿಸು" ಎಂದೆ. "ಒಬ್ಬಳೇನಾ ಆಂಟಿ?" ಎಂದಳು. ಮುಂದಿನ ಬುಧವಾರ ನಾವು ಮೂವರು ಹೋಗುವವರಿದ್ದೇವೆ. ಲಾಟೀನಿನ ಆ ಮರಾಠಿ ಗೆಳತಿಯೂ ಬರುತ್ತಾಳೆ, ಮಂಡಿನೋವಿದ್ದರೂ.