ನದಿಯ ಸಾಲಿನಲ್ಲಿ ಊರುಗಳ ಚರಿತ್ರೆ: ಕಾವೇರಿ–ಕಪಿಲೆಯ ದಂಡೆಯ ಪಟ್ಟಣಗಳು ಮತ್ತು ಸ್ಥಳೀಯ ಇತಿಹಾಸದ ಸಂರಕ್ಷಣೆ

ಪೀಠಿಕೆ

ಮೈಸೂರಿನ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣ್ ಕಟ್ಟಿಸಿದ ಮನೆ 2016ರಿಂದ ವಸ್ತುಸಂಗ್ರಹಾಲಯವಾಗಿದೆ. ಕೆಡವಲು ಕೈಹಾಕಿದ್ದ ಆ ಕಟ್ಟಡ ಉಳಿದದ್ದು ಜನ ದನಿಯೆತ್ತಿದ್ದರಿಂದ. ಅವರ ಕತೆಗಳಲ್ಲಿ ಬರುವ, ಸರಯೂ ನದಿಯ ದಂಡೆಯ ಮಾಲ್ಗುಡಿಯೆಂಬ ಕಲ್ಪನೆಯ ಊರಿಗೆ ಹೀಗೆ ನಿಜವಾದ ವಿಳಾಸವೊಂದು ದಕ್ಕಿತು. ಅದೇ ಯಾದವಗಿರಿಯಿಂದ ಸುಮಾರು ಐವತ್ತು ಕಿಲೋಮೀಟರಿನೊಳಗೆ ನಿಜದ ನದೀತೀರದ ಊರುಗಳ ಸಾಲೇ ಇದೆ. ಕಾವೇರಿಯ ಮೇಲೆ ಕನ್ನಂಬಾಡಿ, ಶ್ರೀರಂಗಪಟ್ಟಣ, ಸೋಮನಾಥಪುರ, ತಲಕಾಡು. ಕಪಿಲೆಯ ಮೇಲೆ ನಂಜನಗೂಡು. ಎರಡೂ ಕೂಡುವಲ್ಲಿ ತಿರುಮಕೂಡಲು ನರಸೀಪುರ. ಇವುಗಳ ಚರಿತ್ರೆಯನ್ನು ನಾವು ತಾಲ್ಲೂಕುವಾರು, ಸ್ಮಾರಕವಾರು ಕಾಪಾಡುತ್ತ ಬಂದಿದ್ದೇವೆ. ಆ ಚರಿತ್ರೆ ನಡೆದದ್ದು ಮಾತ್ರ ನೀರಿನ ಹರಿವಿನ ಜೊತೆಗೆ. ಆದ್ದರಿಂದ ಸಂರಕ್ಷಣೆಯ ಘಟಕವೂ ನದಿಯೇ ಆಗಬೇಕೆಂಬುದು ಈ ಲೇಖನದ ಪ್ರತಿಪಾದನೆ.

ಆಕರಗಳು ಮೈಸೂರಿಗೆ ಬಂದ ಬಗೆ

ಈ ಊರುಗಳ ಲಿಖಿತ ಆಕರಗಳು ಒಂದೆಡೆ ಸೇರಲು ಮೊದಲಾದದ್ದು 19ನೇ ಶತಮಾನದ ಕೊನೆಯಲ್ಲಿ. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆ 1885ರಲ್ಲಿ ಆರಂಭವಾಯಿತು. ಬಿ. ಎಲ್. ರೈಸ್ ಮತ್ತು ಅವರ ಪಂಡಿತರ ಬಳಗ ಹಳ್ಳಿಹಳ್ಳಿಯ ಕಲ್ಬರಹಗಳ ಪಡಿಯಚ್ಚು ತೆಗೆದು, ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಪ್ರಕಟಿಸಿತು. ಮೈಸೂರು ಜಿಲ್ಲೆಯ ಮೊದಲ ಭಾಗವಾದ ಮೂರನೆಯ ಸಂಪುಟ ಹೊರಬಂದದ್ದು 1894ರಲ್ಲಿ. ಆರ್. ನರಸಿಂಹಾಚಾರ್ ಮತ್ತು ಎಂ. ಎಚ್. ಕೃಷ್ಣ ಇಲಾಖೆಯ ವಾರ್ಷಿಕ ವರದಿಗಳ ಮೂಲಕ ಆ ಕೆಲಸವನ್ನು ಬೆಳೆಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಲ್ಲಿ ಪರಿಷ್ಕೃತ ಸಂಪುಟಗಳನ್ನು ಹೊರತರಲು ತೊಡಗಿತು. ಕೇಂದ್ರ ಪುರಾತತ್ತ್ವ ಸರ್ವೇಕ್ಷಣದ ಶಾಸನ ವಿಭಾಗ 1966ರಲ್ಲಿ ಊಟಿಯಿಂದ ಮೈಸೂರಿಗೆ ಬಂತು.

ಈ ದುಡಿಮೆಯ ಋಣ ದೊಡ್ಡದು. ಆದರೆ ಸಂಪುಟಗಳಲ್ಲಿ ಶಾಸನಗಳನ್ನು ಜೋಡಿಸಿದ್ದು ತಾಲ್ಲೂಕಿನ ಗಡಿಯಂತೆ. 1939ರಲ್ಲಿ ಮಂಡ್ಯ ಜಿಲ್ಲೆಯಾದಾಗ ಶ್ರೀರಂಗಪಟ್ಟಣ ಅತ್ತ ಸೇರಿತು, ನಂಜನಗೂಡು ಮತ್ತು ನರಸೀಪುರ ಮೈಸೂರಿನಲ್ಲೇ ಉಳಿದವು. ನದಿಯೊಂದೇ ಆದರೂ ಕಡತಗಳು ಬೇರೆಬೇರೆಯಾದವು.

ನೀರು ಬೆಸೆದ ಚರಿತ್ರೆ

ಸಂಗಮದ ನೆಲದಲ್ಲಿ ಬದುಕು ಎಷ್ಟು ಹಳೆಯದೆಂಬುದನ್ನು ತೋರಿಸಿದ್ದು ಎಂ. ಶೇಷಾದ್ರಿಯವರ ಉತ್ಖನನ. ವಿಶ್ವವಿದ್ಯಾನಿಲಯದ ಪರವಾಗಿ ಅವರು ತಿ. ನರಸೀಪುರದಲ್ಲಿ ನವಶಿಲಾಯುಗದ ನೆಲೆಯನ್ನು ಅಗೆದು, 1971ರಲ್ಲಿ ವರದಿ ಪ್ರಕಟಿಸಿದರು. ಅರಸರ ಶಾಸನಗಳಿಗೆ ಸಾವಿರಾರು ವರ್ಷ ಮೊದಲೇ ಜನ ಈ ದಂಡೆಯನ್ನು ಆರಿಸಿಕೊಂಡಿದ್ದರು.

ಸಂಗಮದಿಂದ ಕೆಳಗಿರುವ ತಲಕಾಡು ಗಂಗರ ರಾಜಧಾನಿ. 11ನೇ ಶತಮಾನದ ಆರಂಭದಲ್ಲಿ ಅದು ಚೋಳರ ವಶವಾಯಿತು. ಹೊಯ್ಸಳ ಅರಸ ವಿಷ್ಣುವರ್ಧನ ಅದನ್ನು ಗೆದ್ದು ‘ತಲಕಾಡುಗೊಂಡ’ನೆನಿಸಿ, ಕೀರ್ತಿನಾರಾಯಣ ದೇಗುಲ ಕಟ್ಟಿಸಿದ. ಮುಂದೆ ಊರನ್ನು ಮರಳು ಮುಚ್ಚಿತು. ಜನಮನ ಅದನ್ನು ಶ್ರೀರಂಗಪಟ್ಟಣದ ಅಧಿಪತಿಯ ಮಡದಿ ಅಲಮೇಲಮ್ಮನ ಶಾಪವೆಂದು ನೆನೆಯುತ್ತದೆ. ಪರಿಸರ ಚರಿತ್ರಕಾರರು ತೋರುವ ಕಾರಣ ಮೇಲ್ದಂಡೆಯ ಮಾಧವಮಂತ್ರಿ ಅಣೆಕಟ್ಟೆ: ಹರಿವು ತಗ್ಗಿ ಬಯಲಾದ ಪಾತ್ರದ ಮರಳನ್ನು ಮುಂಗಾರಿನ ಗಾಳಿ ಊರಿಗೆ ಹೊತ್ತು ತಂದಿತೆಂಬುದು ಅವರ ವಾದ. ಎರಡನ್ನೂ ಕಾಪಾಡಬೇಕು. ಶಾಪದ ಕತೆ ಊರು ತನ್ನ ನಷ್ಟವನ್ನು ಅರ್ಥಮಾಡಿಕೊಂಡ ದಾಖಲೆ. ಅಣೆಕಟ್ಟೆ ಆ ನಷ್ಟದ ಭೌತಿಕ ಸಾಕ್ಷಿ. ಅಣೆಕಟ್ಟೆಯನ್ನು ಬಿಟ್ಟು ತಲಕಾಡನ್ನಷ್ಟೇ ಅಭ್ಯಸಿಸಿದರೆ ಕಾರಣ ಕೈಗೆ ಸಿಗುವುದಿಲ್ಲ.

ಶ್ರೀರಂಗಪಟ್ಟಣದ ಏಳುಬೀಳುಗಳೂ ನದಿಯನ್ನೇ ಹೊಂದಿಕೊಂಡಿವೆ. ಕಾವೇರಿ ಎರಡು ಕವಲಾಗಿ ಸುತ್ತುವರಿದ ಈ ದ್ವೀಪವನ್ನು ರಾಜ ಒಡೆಯರು 1610ರಲ್ಲಿ ವಶಪಡಿಸಿಕೊಂಡರು. 1799ರಲ್ಲಿ ಕೋಟೆ ಬಿದ್ದ ಮೇಲೆ ರಾಜಧಾನಿ ಮೈಸೂರಿಗೆ ಮರಳಿತು. ಜ್ವರದ ಕಾಟಕ್ಕೆ ಬ್ರಿಟಿಷ್ ಸೇನೆ 1809ರಲ್ಲಿ ಬೆಂಗಳೂರಿಗೆ ನೆಲೆ ಬದಲಿಸಿತು. ಕೋಟೆಯನ್ನು ಕಾಯ್ದ ನೀರೇ ಬೇನೆಗೂ ದಾರಿಯಾಯಿತು. ಈ ನಡುವೆ, 1804ರಲ್ಲಿ, ದಿವಾನ್ ಪೂರ್ಣಯ್ಯನವರ ಆಡಳಿತ ಇಲ್ಲಿ ವೆಲ್ಲೆಸ್ಲಿ ಸೇತುವೆ ಕಟ್ಟಿಸಿತು. ಕಪಿಲೆಗೆ ನಂಜನಗೂಡಿನಲ್ಲಿ ದಳವಾಯಿ ದೇವರಾಜಯ್ಯ 1735ರಲ್ಲೇ ಸೇತುವೆ ಹಾಕಿಸಿದ್ದರು. ಮುಂದೆ ಅದರ ಮೇಲೆ ರೈಲೂ ಓಡಿತು. ಸೈನ್ಯ, ಯಾತ್ರಿಕರು, ವ್ಯಾಪಾರ ಮೂರಕ್ಕೂ ದಾರಿಯಾದ ಇಂಥ ಸೇತುವೆಗಳು ದೇಗುಲಗಳಷ್ಟೇ ಮುಖ್ಯ ಆಕರಗಳು.

ಉಳಿಸಿದ್ದು, ಉಳಿಸಬೇಕಾದದ್ದು

ಸಂರಕ್ಷಣೆಯ ಸಾಧನೆಗಳು ಕಡಿಮೆಯೇನಲ್ಲ. ಶ್ರೀರಂಗಪಟ್ಟಣದಲ್ಲಿ ಜೋಡಿ ರೈಲುಮಾರ್ಗಕ್ಕೆ ಅಡ್ಡಬಂದ ಟಿಪ್ಪು ಕಾಲದ ಮದ್ದಿನಮನೆಯನ್ನು 2017ರಲ್ಲಿ ಇಡಿಯಾಗಿ ಎತ್ತಿ ಬೇರೆಡೆ ಕೂರಿಸಲಾಯಿತು. ಕೃಷ್ಣರಾಜಸಾಗರದಲ್ಲಿ ಮುಳುಗಿದ್ದ ವೇಣುಗೋಪಾಲಸ್ವಾಮಿ ದೇಗುಲದ ಕಲ್ಲುಗಳನ್ನು ಖೋಡೆ ಪ್ರತಿಷ್ಠಾನ ಬಿಡಿಸಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿತು. ಸೋಮನಾಥಪುರದ ಕೇಶವ ದೇಗುಲ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಆದರೆ ಈ ಮೂರೂ ಕಟ್ಟಡದ ಸಂರಕ್ಷಣೆಗಳು. ಹಳೆಯ ಕನ್ನಂಬಾಡಿಯಲ್ಲಿ ದೇಗುಲದ ಜೊತೆ ಹೊಲ, ಬೀದಿ, ಸಂತೆ, ಮಸಣಗಳೂ ಮುಳುಗಿದವು. ದೇಗುಲ ಮೇಲೆ ಬಂತು, ಊರು ಬರಲಿಲ್ಲ. ಊರಿನ ನೆನಪು ಒಕ್ಕಲೆದ್ದ ಮನೆತನಗಳ ಮಾತಿನಲ್ಲಿ ಉಳಿಯಬಲ್ಲುದು; ಅದನ್ನು ಬರೆದಿಡದಿದ್ದರೆ ತಲೆಮಾರಿನೊಡನೆ ಮುಗಿಯುತ್ತದೆ. ಅಂಬಿಗರು, ಬೆಸ್ತರು, ನಾಲೆಯ ನೀರಗಂಟಿಗಳು, ಸೋಪಾನಕಟ್ಟೆಯ ಅರ್ಚಕರು ನದಿಯನ್ನು ದಿನವೂ ಬಲ್ಲವರು. ಅವರ ತಿಳಿವಳಿಕೆಗೂ ಆಕರವಾಗಿ ಸ್ಥಾನ ಸಿಗಬೇಕು.

ಸಮಾರೋಪ

ಮಾಡಬೇಕಾದ ಕೆಲಸ ಮೂರು. ಮೊದಲನೆಯದು, ಸಂಪುಟಗಳಲ್ಲಿ ಹಂಚಿಹೋದ ಶಾಸನಗಳನ್ನು ನದಿಯ ಸಾಲಿನಲ್ಲಿ ಮರುಜೋಡಿಸಿ, ಸೇತುವೆ, ಕಟ್ಟೆ, ನಾಲೆ, ಮಂಟಪಗಳೊಂದಿಗೆ ಒಂದೇ ಸೂಚಿ ಸಿದ್ಧಪಡಿಸುವುದು. ಮಂಡ್ಯ–ಮೈಸೂರುಗಳ ಗಡಿ ಇದಕ್ಕೆ ತಡೆಯಾಗಬಾರದು. ಎರಡನೆಯದು, ಮೌಖಿಕ ಚರಿತ್ರೆಯ ಧ್ವನಿಮುದ್ರಣ. ಯಾದವಗಿರಿಯಲ್ಲೇ ಇರುವ ಆಕಾಶವಾಣಿ ಕೇಂದ್ರಕ್ಕೂ ಮಾನಸಗಂಗೋತ್ರಿಯ ಜಾನಪದ ವಿದ್ವಾಂಸರಿಗೂ ಈ ಕೆಲಸದ ಅನುಭವವಿದೆ. ಮೂರನೆಯದು, ಮೈಸೂರಿನ ಕಪಾಟುಗಳಲ್ಲಿರುವ ಆಕರಗಳನ್ನು ಅವು ಹುಟ್ಟಿದ ಊರಿಗೇ ತಲುಪಿಸುವುದು: ಶಾಸನದ ಪಾಠ ಮತ್ತು ಹೊಸಗನ್ನಡದ ಅರ್ಥ ಆಯಾ ಊರಿನ ಶಾಲೆ, ಗ್ರಂಥಾಲಯಗಳಲ್ಲಿ ದೊರೆಯಬೇಕು. ತನ್ನೂರಿನ ಕಲ್ಲನ್ನು ಓದಬಲ್ಲ ಮಕ್ಕಳಿರುವ ಊರಿನಲ್ಲಿ ಆ ಕಲ್ಲು ಒಗೆಯುವ ಬಂಡೆಯಾಗುವುದಿಲ್ಲ. ಸ್ಥಳೀಯ ಇತಿಹಾಸದ ಸಂರಕ್ಷಣೆಗೆ ಇದಕ್ಕಿಂತ ಗಟ್ಟಿಯಾದ ಕಾವಲಿಲ್ಲ.