ನರಹುಲಿ: ಮದ್ದು ನೂರು, ಕಾರಣ ಒಂದು

ನರಹುಲಿ ಎಂದೊಡನೆ ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಮದ್ದು ನೆನಪಾಗುತ್ತದೆ. ಕುದುರೆಯ ಬಾಲದ ಕೂದಲನ್ನು ಬುಡಕ್ಕೆ ಬಿಗಿದು ಕಟ್ಟಿದರೆ ಉದುರಿಹೋಗುತ್ತದೆ ಎನ್ನುವವರುಂಟು. ಸುಣ್ಣಕ್ಕೆ ಸೋಪು ಕಲಸಿ ಹಚ್ಚಿ ಎನ್ನುವವರುಂಟು. ದೇವರಿಗೆ ಉಪ್ಪು, ಮೆಣಸು ಒಪ್ಪಿಸುತ್ತೇನೆಂದು ಹರಕೆ ಹೊತ್ತವರೂ ಉಂಟು. ವಿಶೇಷವೆಂದರೆ, ಇವರೆಲ್ಲರೂ ತಮ್ಮ ಮದ್ದಿನಿಂದ ಗುಣವಾಯಿತೆಂದು ಆಣೆಯಿಟ್ಟು ಹೇಳಬಲ್ಲರು. ಅವರಾರೂ ಸುಳ್ಳು ಹೇಳುತ್ತಿಲ್ಲ. ಹಾಗಾದರೆ ಪರಸ್ಪರ ಸಂಬಂಧವೇ ಇಲ್ಲದ ಇಷ್ಟೊಂದು ಮದ್ದುಗಳು ಒಂದೇ ಕಾಯಿಲೆಯನ್ನು ವಾಸಿ ಮಾಡುವುದು ಹೇಗೆ? ನರಹುಲಿಯ ಚರಿತ್ರೆಯೆಲ್ಲ ಈ ಪ್ರಶ್ನೆಯ ಸುತ್ತಲೇ ಬೆಳೆದಿದೆ ಎನ್ನಬಹುದು.

ನಮ್ಮ ಸುಶ್ರುತ ಸಂಹಿತೆ ಇದನ್ನು ಚರ್ಮಕೀಲವೆಂದು ಕರೆಯುತ್ತದೆ. ಚರ್ಮಕ್ಕೆ ಬಡಿದ ಮೊಳೆಯೆಂದರ್ಥ. ಇಷ್ಟು ಒಪ್ಪುವ ಹೆಸರನ್ನು ಬೇರೆಲ್ಲೂ ಕಾಣೆ. ಶಸ್ತ್ರದಿಂದ ಕೊಯ್ದು, ಕ್ಷಾರದಿಂದಲೋ ಬೆಂಕಿಯಿಂದಲೋ ಸುಡಬೇಕೆಂಬುದು ಅಲ್ಲಿನ ವಿಧಾನ. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ಇವುಗಳಲ್ಲಿ ಹಲವು ಬಗೆಗಳನ್ನು ಗುರುತಿಸಿದ. ಅವುಗಳಲ್ಲಿ ಒಂದಕ್ಕೆ ಇರುವೆಯ ಹೆಸರೇ ಇದೆ. ಅವನು ಇನ್ನೊಂದು ಮಾತನ್ನೂ ಬರೆದಿಟ್ಟ: ಒಂದು ಬಗೆಯವು ಗುಂಪಾಗಿ, ಹೆಚ್ಚಾಗಿ ಮಕ್ಕಳಲ್ಲಿ ಏಳುತ್ತವೆ, ಕೆಲವೊಮ್ಮೆ ತಾವಾಗಿಯೇ ಇದ್ದಕ್ಕಿದ್ದಂತೆ ಮಾಯವಾಗುತ್ತವೆ. ಈ ಒಂದು ಮಾತನ್ನು ಗಮನಿಸಿದ್ದರೆ ಮುಂದಿನ ಎಷ್ಟೋ ಗೊಂದಲ ತಪ್ಪುತ್ತಿತ್ತು.

ಇಂಗ್ಲೆಂಡಿನ ತತ್ವಜ್ಞಾನಿ ಫ್ರಾನ್ಸಿಸ್ ಬೇಕನ್‌ನ ಅನುಭವ ಇಲ್ಲಿ ಸ್ವಾರಸ್ಯಕರ. ಹದಿನಾರರ ಹರೆಯದಲ್ಲಿ ಪ್ಯಾರಿಸ್ಸಿನಲ್ಲಿದ್ದಾಗ ಒಂದೇ ತಿಂಗಳಲ್ಲಿ ಅವನ ಎರಡೂ ಕೈಗಳ ಮೇಲೆ ನೂರರಷ್ಟು ನರಹುಲಿ ಎದ್ದವು. ಚಿಕ್ಕಂದಿನಿಂದ ಇದ್ದದ್ದು ಬೇರೆ ಒಂದು. ಇಂಗ್ಲೆಂಡಿನ ರಾಯಭಾರಿಯ ಪತ್ನಿ, ಮೂಢನಂಬಿಕೆಯಿಂದ ಬಲು ದೂರವಿದ್ದಾಕೆಯೆಂದು ಅವನೇ ಹೇಳುತ್ತಾನೆ, ಚರ್ಮಸಹಿತವಾದ ಹಂದಿಕೊಬ್ಬಿನ ತುಂಡನ್ನು ಅವುಗಳ ಮೇಲೆಲ್ಲ ಉಜ್ಜಿದಳು. ಬಳಿಕ ಕೊಬ್ಬಿನ ಭಾಗ ಬಿಸಿಲಿಗೆ ಮುಖವಾಗಿರುವಂತೆ ಆ ತುಂಡನ್ನು ತನ್ನ ಕೋಣೆಯ ದಕ್ಷಿಣದ ಕಿಟಕಿಯ ಕಂಬಕ್ಕೆ ಮೊಳೆ ಹೊಡೆದಳು. ಐದು ವಾರದೊಳಗೆ ಎಲ್ಲವೂ ಹೋದವು. ಬೇಗ ಬಂದವು ಬೇಗ ಹೋದದ್ದರಲ್ಲಿ ಅಚ್ಚರಿಯಿಲ್ಲ, ಆದರೆ ಬಾಲ್ಯದಿಂದ ಇದ್ದದ್ದು ಹೋದದ್ದು ಮಾತ್ರ ತನ್ನ ಮನಸ್ಸನ್ನು ಕಾಡುತ್ತಿದೆ ಎಂದು ಅವನು ಬರೆದ. ಪ್ರಯೋಗವೇ ಜ್ಞಾನಕ್ಕೆ ದಾರಿಯೆಂದು ಜಗತ್ತಿಗೆ ಸಾರಿದವನೇ ಇಲ್ಲಿ ನಿರುತ್ತರನಾದ. ಕೊಬ್ಬು ಉಜ್ಜದೆ ಬಿಟ್ಟ ಕೈಯೊಂದು ಹೋಲಿಕೆಗೆ ಇರಲಿಲ್ಲವಷ್ಟೆ.

ಕಾರಣ ತಿಳಿದದ್ದು 1907ರಲ್ಲಿ. ಇಟಲಿಯ ವೈದ್ಯ ಜುಸೆಪ್ಪೆ ಚುಫೊ ನರಹುಲಿಯನ್ನು ಅರೆದು, ಬ್ಯಾಕ್ಟೀರಿಯಾಗಳೂ ನುಸುಳಲಾಗದ ಸೂಕ್ಷ್ಮ ಶೋಧಕದಲ್ಲಿ ಸೋಸಿ, ಆ ರಸವನ್ನು ತನ್ನ ಚರ್ಮಕ್ಕೇ ಸೇರಿಸಿಕೊಂಡ. ಕೆಲವು ತಿಂಗಳ ನಂತರ ಅಲ್ಲಿ ನರಹುಲಿ ಎದ್ದಿತು. ಅಂದರೆ ರೋಗಕಾರಕವು ಬ್ಯಾಕ್ಟೀರಿಯಾಕ್ಕಿಂತಲೂ ಸಣ್ಣದು, ವೈರಸ್ಸು. ಅದರ ಕಣಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣಿಸಿದ್ದು 1949ರಲ್ಲಿ. ಮಾನವ ಪ್ಯಾಪಿಲೋಮ ವೈರಸ್ಸೆಂಬ ಈ ಕುಟುಂಬದಲ್ಲಿ ಇಂದು 200ಕ್ಕೂ ಹೆಚ್ಚು ಬಗೆಗಳು ಗೊತ್ತಾಗಿವೆ.

ಈ ವೈರಸ್ಸು ಚರ್ಮದ ಮೇಲ್ಪದರದಲ್ಲೇ ಉಳಿಯುತ್ತದೆ. ರಕ್ತಕ್ಕೆ ಇಳಿಯುವುದಿಲ್ಲ, ಜೀವಕೋಶವನ್ನು ಸಿಡಿಸುವುದೂ ಇಲ್ಲ. ಮನೆಯ ಹೊರಜಗುಲಿಯಲ್ಲೇ ಸದ್ದಿಲ್ಲದೆ ಕುಳಿತ ಕಳ್ಳನನ್ನು ಒಳಗಿನ ಕಾವಲುಗಾರ ಬೇಗ ಕಾಣುವುದಿಲ್ಲ. ಕಂಡ ದಿನ ನರಹುಲಿ ತಾನಾಗಿ ಉದುರುತ್ತದೆ. 1963ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮಕ್ಕಳ ನರಹುಲಿಗಳಲ್ಲಿ ಮೂರನೆಯ ಎರಡು ಪಾಲು ಯಾವ ಚಿಕಿತ್ಸೆಯೂ ಇಲ್ಲದೆ ಎರಡು ವರ್ಷದೊಳಗೆ ಮಾಯವಾದವು. ಹರಕೆ, ಕುದುರೆಕೂದಲು, ಹಂದಿಕೊಬ್ಬು ಇವೆಲ್ಲವುಗಳ ಕೀರ್ತಿಯ ಗುಟ್ಟು ಬಹುಮಟ್ಟಿಗೆ ಇಲ್ಲಿದೆ. ಜ್ಯೂರಿಕ್ಕಿನ ಚರ್ಮವೈದ್ಯ ಬ್ರೂನೋ ಬ್ಲಾಕ್ 1927ರಲ್ಲಿ ಸದ್ದು ಮಾಡುವ ಯಂತ್ರವೊಂದನ್ನು ಓಡಿಸಿ, ನರಹುಲಿಗೆ ನಿರುಪದ್ರವಿ ಬಣ್ಣ ಬಳಿದು, ಅದು ಹೋಗುವವರೆಗೆ ತೊಳೆಯಬೇಡಿ ಎಂದು ಹೇಳಿಕಳಿಸಿ ಅನೇಕರಲ್ಲಿ ಗುಣ ಕಂಡನೆಂದು ವರದಿ ಮಾಡಿದ್ದಾನೆ.

ಆದರೂ ನೋವಿದ್ದರೆ, ಹರಡುತ್ತಿದ್ದರೆ ಚಿಕಿತ್ಸೆ ಬೇಕು. ಸುಶ್ರುತನ ಕಾಲದ ತತ್ವವೇ ಇಂದಿಗೂ ನಡೆದುಬಂದಿದೆ; ಮೇಲ್ಪದರವನ್ನು ನಾಶಮಾಡುವುದು. ಬೆಂಕಿಯ ಜಾಗಕ್ಕೆ ಚಳಿ ಬಂದಿತು. ನ್ಯೂಯಾರ್ಕಿನ ಕ್ಯಾಂಪ್‌ಬೆಲ್ ವೈಟ್ 1899ರಲ್ಲಿ ದ್ರವಗಾಳಿಯನ್ನು ಹತ್ತಿಯಲ್ಲಿ ಅದ್ದಿ ಹಚ್ಚಿದ. 1950ರಿಂದ ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ ಬಳಕೆಗೆ ಬಂದಿತು. ಸ್ಯಾಲಿಸಿಲಿಕ್ ಆಮ್ಲವನ್ನು ವಾರಗಟ್ಟಲೆ ತಾಳ್ಮೆಯಿಂದ ಹಚ್ಚುವುದು ಅಗ್ಗದ, ನಂಬಬಹುದಾದ ದಾರಿ. ಸುಣ್ಣ ಮತ್ತು ಸೋಪು ಮಾತ್ರ ಬೇಡ. ಅದು ಸುತ್ತಲಿನ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಸಕ್ಕರೆಕಾಯಿಲೆಯವರು ಅಂಗಾಲಿನ ಗಂಟನ್ನು ಮನೆಯಲ್ಲಿ ಬ್ಲೇಡಿನಿಂದ ಕೆರೆದುಕೊಂಡು ಹುಣ್ಣು ಮಾಡಿಕೊಳ್ಳುವ ಅಪಾಯವಂತೂ ಇನ್ನೂ ದೊಡ್ಡದು. ಒಳಗೆ ಕಾಣುವ ಕಪ್ಪು ಚುಕ್ಕೆಗಳು ಬೇರಲ್ಲ, ಹೆಪ್ಪುಗಟ್ಟಿದ ಸೂಕ್ಷ್ಮ ರಕ್ತನಾಳಗಳು. ಅಗೆದು ತೆಗೆಯಬೇಕಾದ್ದೇನೂ ಅಲ್ಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಇದು ಸಣ್ಣ ಕಾಯಿಲೆಯ ಸಣ್ಣ ಚರಿತ್ರೆಯಾಗುತ್ತಿತ್ತು. ಅಮೆರಿಕದ ಕಾಡುಮೊಲಗಳಿಗೆ ಕೊಂಬು ಮೂಡುತ್ತದೆಂಬ ಮಾತನ್ನು ಕೇಳಿದ ರಿಚರ್ಡ್ ಶೋಪ್, ಅದು ಕೊಂಬಲ್ಲ, ವೈರಸ್ಸಿನಿಂದಾದ ನರಹುಲಿ ಎಂದು 1933ರಲ್ಲಿ ತೋರಿಸಿದ. ಎರಡೇ ವರ್ಷದಲ್ಲಿ ಪೇಟನ್ ರೌಸ್ ಮತ್ತು ಸಂಗಡಿಗರು, ಸಾಕುಮೊಲಗಳಲ್ಲಿ ಅದು ಕ್ಯಾನ್ಸರಿಗೆ ತಿರುಗುವುದನ್ನು ಕಂಡರು. ಮನುಷ್ಯರಲ್ಲೂ ಹೀಗಾಗಬಹುದೇ? ಗರ್ಭಕೊರಳಿನ ಕ್ಯಾನ್ಸರಿಗೆ ಹರ್ಪಿಸ್ ವೈರಸ್ಸೇ ಕಾರಣವೆಂದು ಬಹುಮಂದಿ ನಂಬಿದ್ದ 1970ರ ದಶಕದಲ್ಲಿ, ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಪ್ಯಾಪಿಲೋಮ ವೈರಸ್ಸಿನ ಜಾಡು ಹಿಡಿದ. ಅವನ ತಂಡ 1983ರಲ್ಲಿ 16ನೆಯ ಬಗೆಯನ್ನೂ ಮರುವರ್ಷ 18ನೆಯದನ್ನೂ ಆ ಕ್ಯಾನ್ಸರಿನಲ್ಲಿ ಪತ್ತೆ ಮಾಡಿತು. ಆ ಕ್ಯಾನ್ಸರಿನ ಸುಮಾರು 70 ಶೇಕಡಕ್ಕೆ ಈ ಎರಡೇ ಕಾರಣ. 2008ರಲ್ಲಿ ಅವನಿಗೆ ನೊಬೆಲ್ ಬಂದಿತು. ಕೈಕಾಲಿನ ನರಹುಲಿಯ ಬಗೆಗಳು ಬೇರೆ. ಅವುಗಳಿಂದ ಈ ಕ್ಯಾನ್ಸರಿನ ಭಯವಿಲ್ಲವೆಂಬುದನ್ನು ತಾಯಂದಿರು ತಿಳಿದಿರಬೇಕು.

1991ರಲ್ಲಿ ಆಸ್ಟ್ರೇಲಿಯದಲ್ಲಿ ಇಯಾನ್ ಫ್ರೇಜರ್ ಮತ್ತು ಜಿಯಾನ್ ಝೌ ಅವರು ವೈರಸ್ಸಿನ ಟೊಳ್ಳು ಕವಚವನ್ನು ಕಟ್ಟಿದರು. ಅದರಿಂದಾದ ಲಸಿಕೆ 2006ರಲ್ಲಿ ಬಳಕೆಗೆ ಬಂದಿತು. ಭಾರತದಲ್ಲೇ ತಯಾರಾದ ಸರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ಅನುಮತಿ ದೊರೆಯಿತು. 16, 18ರ ಜೊತೆಗೆ, ಗುಪ್ತಾಂಗದ ನರಹುಲಿಗೆ ಮುಖ್ಯ ಕಾರಣವಾದ 6 ಮತ್ತು 11ನೆಯ ಬಗೆಗಳನ್ನೂ ಅದು ತಡೆಯುತ್ತದೆ. ಶಾಲೆಯ ಹುಡುಗನ ಬೆರಳಿನ ಮೇಲೆ ಏಳುವ ಮಾಮೂಲಿ ನರಹುಲಿಗೆ ಮಾತ್ರ ಇನ್ನೂ ಲಸಿಕೆ ಬಂದಿಲ್ಲ.