ಹಳ್ಳಿ ಸ್ವಯಂಪೂರ್ಣ ಅಂತ ಯಾರು ಹೇಳಿದ್ದು?

ಏಪ್ರಿಲ್ 24 ಪಂಚಾಯತ್ ರಾಜ್ ದಿನ. ಎರಡು ವರ್ಷದ ಹಿಂದೆ ಆ ದಿನಕ್ಕೆಂದು ನಾವು ಪತ್ರಿಕೆಯೊಂದಕ್ಕೆ ಬರಹ ಕೊಟ್ಟಿದ್ದೆವು. ಅದರ ಮೊದಲ ಸಾಲು ಹೀಗಿತ್ತು: ಬ್ರಿಟಿಷರು ಬರುವ ಮೊದಲು ನಮ್ಮ ಹಳ್ಳಿಗಳು ಸ್ವಯಂಪೂರ್ಣವಾದ ಪುಟ್ಟ ಗಣರಾಜ್ಯಗಳಾಗಿದ್ದವು.

ಬೆಳಿಗ್ಗೆ ಪತ್ರಿಕೆ ಬಂತು, ಹತ್ತು ಗಂಟೆಗೆ ಫೋನ್ ಬಂತು. ಆ ಕಡೆ ವಯಸ್ಸಾದ ದನಿ.

"ಏನ್ ಸ್ವಾಮಿ, ಪೇಪರ್‌ನಾಗೆ ಬರ್ದಿರೋರು ನೀವೇಯಾ? ನಮ್ ಕೇರಿಯೋರು ಊರ ಬಾವಿ ತಾವ್ಕೆ ಹೋಗಂಗಿರ್ನಿಲ್ಲ. ಉಪ್ಪು ಬೇಕು ಅಂದ್ರೆ ನಮ್ಮವ್ವ ಸಂತೆಗೆ ನಡ್ಕೊಂಡು ಹೋಗೋಳು. ಅದ್ಯಾವ ಸ್ವಯಂಪೂರ್ಣ? ಯಾರ್ ಯೋಳುದ್ರು ನಿಮ್ಗೆ?"

ಜಗಳದ ದನಿ ಅಲ್ಲ ಅದು. ನಿಜವಾಗಿಯೂ ತಿಳಿದುಕೊಳ್ಳಬೇಕು ಅಂತಲೇ ಕೇಳಿದ್ದು. ನಮ್ಮ ಹತ್ತಿರ ಉತ್ತರ ಇರಲಿಲ್ಲ. "ವಿಚಾರಿಸಿ ಹೇಳ್ತೀನಿ ತಾತ" ಅಂದು ಫೋನ್ ಇಟ್ಟೆವು.

ಆ ಸಾಲು ನಮಗೆ ಬಂದದ್ದು ಡಿಪ್ಲೊಮಾ ಓದುವಾಗಿನ ನೋಟ್ಸ್‌ನಿಂದ. ನೋಟ್ಸ್ ಬರೆಸಿದವರು ಯಾವುದೋ ಗೈಡ್ ನೋಡಿ ಬರೆಸಿದ್ದರು. ನಮ್ಮ ಗೆಳತಿಯೊಬ್ಬಳು ಪಿಎಚ್‌.ಡಿ. ಮಾಡುತ್ತಿದ್ದಳು, ಅವಳ ಪ್ರಬಂಧದ ಎರಡನೇ ಅಧ್ಯಾಯದಲ್ಲೂ ಹೆಚ್ಚು ಕಡಿಮೆ ಇದೇ ಸಾಲು ಇತ್ತು. ಎಲ್ಲಿಂದ ತೆಗೆದೆ ಅಂದರೆ ಇನ್ನೊಂದು ಪ್ರಬಂಧದಿಂದ ಅಂದಳು.

ಸಂಶೋಧನೆ ಮಾಡುವವರಿಗೆ ಈ ಎರಡನೇ ಅಧ್ಯಾಯ ಕಡ್ಡಾಯ. ಇಂಗ್ಲಿಷಿನಲ್ಲಿ ಲಿಟರೇಚರ್ ರಿವ್ಯೂ, ಕನ್ನಡದಲ್ಲಿ ಸಾಹಿತ್ಯ ಸಮೀಕ್ಷೆ ಅನ್ನುತ್ತಾರೆ. ಇಲ್ಲಿ ಸಾಹಿತ್ಯ ಅಂದರೆ ಕಥೆ, ಕವನ ಅಲ್ಲ. ನಮಗಿಂತ ಮೊದಲು ಇದೇ ವಿಷಯದ ಮೇಲೆ ಯಾರು ಏನು ಬರೆದಿದ್ದಾರೆ, ಯಾವ ಆಧಾರದ ಮೇಲೆ ಬರೆದಿದ್ದಾರೆ ಅಂತ ಹುಡುಕಿ ತೂಗಿ ನೋಡುವುದು. ಹುಡುಕುವುದು ನಡೆಯುತ್ತದೆ. ತೂಗುವುದು ಕಡಿಮೆ.

ತಾತನಿಗೆ ಮಾತು ಕೊಟ್ಟಿದ್ದೆವಲ್ಲ, ಕಾಲುವೆ ಹಿಡಿದು ತೂಬಿನ ಕಡೆಗೆ ಹೋದ ಹಾಗೆ ಆ ಸಾಲಿನ ಹಿಂದೆ ಹೋದೆವು. ಹೋಗಿ ನಿಂತದ್ದು ನಮ್ಮ ಮೈಸೂರಿನಲ್ಲೇ!

ಟಿಪ್ಪು ಸುಲ್ತಾನ್ ಬಿದ್ದ ಮೇಲೆ ಮೈಸೂರು ಸಂಸ್ಥಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿಯಾಗಿ ಒಬ್ಬ ರೆಸಿಡೆಂಟ್ ಇರುತ್ತಿದ್ದ. ಕೆಲವು ವರ್ಷ ಆ ಕೆಲಸ ಮಾಡಿದವನು ಮಾರ್ಕ್ ವಿಲ್ಕ್ಸ್ ಎಂಬ ಸೈನ್ಯಾಧಿಕಾರಿ. ಮುಂದೆ ಇವನೇ ಸೇಂಟ್ ಹೆಲೆನಾ ದ್ವೀಪದ ಗವರ್ನರ್ ಆಗಿದ್ದಾಗ ನೆಪೋಲಿಯನ್ನನ್ನು ಸೆರೆಯಾಳಾಗಿ ಅಲ್ಲಿಗೆ ತಂದರು. ವಿಲ್ಕ್ಸ್ 1810ರಲ್ಲಿ ದಕ್ಷಿಣ ಭಾರತದ ಚರಿತ್ರೆಯ ಮೊದಲ ಸಂಪುಟ ಹೊರತಂದ. ಭಾರತದ ಪ್ರತಿಯೊಂದು ಹಳ್ಳಿಯೂ ತನ್ನಷ್ಟಕ್ಕೆ ಒಂದು ಗಣರಾಜ್ಯ, ಎಂದಿನಿಂದಲೂ ಹಾಗೆಯೇ ಇದ್ದಂತಿದೆ ಎಂಬ ಮಾತು ಅದರಲ್ಲಿದೆ. ಗೌಡ, ಶ್ಯಾನುಭೋಗ, ತಳವಾರ, ನೀರುಗಂಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ ಎಂದು ನಮ್ಮ ಕಡೆ ಹನ್ನೆರಡು ಆಯಗಾರರ ಲೆಕ್ಕ ಹೇಳುತ್ತೇವಲ್ಲ, ಆ ವ್ಯವಸ್ಥೆಯನ್ನು ಅವನು ವಿವರಿಸಿದ.

ವಿಲ್ಕ್ಸ್ ನಮ್ಮ ಸೀಮೆಯನ್ನು ಕಣ್ಣಾರೆ ಕಂಡವನು. ಆಯಗಾರರು ಇದ್ದದ್ದೂ ನಿಜ. ತಪ್ಪಿದ್ದು ಎಲ್ಲಿ ಅಂದರೆ, ಒಂದು ಸೀಮೆಯಲ್ಲಿ ಕಂಡದ್ದನ್ನು ಇಡೀ ದೇಶಕ್ಕೆ, ಅವತ್ತು ಕಂಡದ್ದನ್ನು ಎಲ್ಲ ಕಾಲಕ್ಕೆ ಹಿಗ್ಗಿಸಿದ್ದರಲ್ಲಿ.

ಅವನಿಗೆ ಮೂರು ವರ್ಷ ಮೊದಲೇ, 1807ರಲ್ಲಿ, ಫ್ರಾನ್ಸಿಸ್ ಬುಕಾನನ್‌ನ ಮೂರು ಸಂಪುಟ ಅಚ್ಚಾಗಿತ್ತು. ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿ, ದಾರಿಯಲ್ಲಿ ಕಂಡ ಬೆಳೆ, ಕಸುಬು, ಜಾತಿ, ಕೂಲಿ, ಸಂತೆ, ಪೇಟೆ ವ್ಯಾಪಾರ ಎಲ್ಲವನ್ನೂ ದಿನಚರಿಯ ಹಾಗೆ ಬರೆದಿಟ್ಟ ಮನುಷ್ಯ ಅವನು. ಅದನ್ನು ಓದುತ್ತಾ ಹೋದರೆ ಸರಕು ಎತ್ತುಗಳ ಮೇಲೆ ಊರಿಂದೂರಿಗೆ ಹೋಗುವುದು ಕಾಣುತ್ತದೆ, ನೇಕಾರನ ಬಟ್ಟೆ ಪೇಟೆ ಸೇರುವುದು ಕಾಣುತ್ತದೆ. ತನ್ನಷ್ಟಕ್ಕೆ ತಾನು ಬಾಗಿಲು ಹಾಕಿಕೊಂಡ ಹಳ್ಳಿ ಕಾಣುವುದಿಲ್ಲ. ಎರಡೂ ಪುಸ್ತಕ ಒಂದೇ ಕಪಾಟಿನಲ್ಲಿ ಇರಬಹುದಾಗಿತ್ತು. ಮುಂದೆ ಬಂದವರು ಚೆಂದದ ಸಾಲನ್ನು ಎತ್ತಿಕೊಂಡರು, ಸಂತೆಯ ಲೆಕ್ಕ ಅಲ್ಲೇ ಉಳಿಯಿತು.

1812ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೊಂದರ ಐದನೇ ವರದಿಯಲ್ಲೂ ಹಳ್ಳಿಯ ಇಂಥದೇ ಚಿತ್ರ ಬಂತು. ಆಮೇಲೆ 1830ರಲ್ಲಿ ಚಾರ್ಲ್ಸ್ ಮೆಟ್ಕಾಫ್. ಹೆಚ್ಚು ಹೆಸರು ಮಾಡಿದ್ದು ಇವನ ಮಾತೇ. ಹಳ್ಳಿಗಳು ಪುಟ್ಟ ಗಣರಾಜ್ಯಗಳು, ಬೇಕಾದ್ದೆಲ್ಲ ಒಳಗೇ ಇದೆ, ರಾಜರು ಬಂದು ಹೋದರೂ ಹಳ್ಳಿ ಹಾಗೇ ಉಳಿಯುತ್ತದೆ ಎಂಬ ಅರ್ಥದಲ್ಲಿ ಬರೆದ. ಬರೆದದ್ದು ಪುಸ್ತಕದಲ್ಲಲ್ಲ, ಸರ್ಕಾರಿ ಟಿಪ್ಪಣಿಯಲ್ಲಿ. ಅವತ್ತಿನ ಪ್ರಶ್ನೆ ಕಂದಾಯದ್ದು. ಒಬ್ಬೊಬ್ಬ ರೈತನಿಂದ ಬೇರೆ ಬೇರೆ ವಸೂಲಿ ಮಾಡಬೇಕೋ, ಹಳ್ಳಿಯನ್ನು ಒಟ್ಟಾಗಿ ಹಿಡಿಯಬೇಕೋ ಅಂತ. ಒಬ್ಬೊಬ್ಬರದೂ ಬೇರೆ ಮಾಡಿದರೆ ಹಳ್ಳಿ ಒಡೆಯುತ್ತದೆ ಅನ್ನುವುದು ಅವನ ವಾದ. ವಾದ ಗೆಲ್ಲಲು ಬರೆದ ಕಡತದ ಮಾತನ್ನು ಮುಂದಿನವರು ಚರಿತ್ರೆ ಅಂದುಕೊಂಡರು.

ಕಾರ್ಲ್ ಮಾರ್ಕ್ಸ್ ಭಾರತಕ್ಕೆ ಕಾಲಿಟ್ಟವನಲ್ಲ. 1853ರಲ್ಲಿ ನ್ಯೂಯಾರ್ಕಿನ ಪತ್ರಿಕೆಗೆ ಭಾರತದ ಬಗ್ಗೆ ಬರೆಯುವಾಗ ಇಂಥ ವರದಿಯ ಭಾಗವನ್ನೇ ಎತ್ತಿ ಹಾಕಿದ. ಅವನೂ ಪತ್ರಿಕೆಗೆ ಬರೆದು ಹೊಟ್ಟೆ ಹೊರೆದವನೇ, ನಮ್ಮ ಹಾಗೆ, ಅಷ್ಟು ಸಮಾಧಾನ. 1867ರ ಅವನ ದೊಡ್ಡ ಗ್ರಂಥದಲ್ಲಿ ಹಳ್ಳಿಯ ಕಸುಬುದಾರರ ಪಟ್ಟಿ ಬರುತ್ತದೆ. ಕೆರೆ ನೀರು ಹಂಚುವವನೂ ಅದರಲ್ಲಿದ್ದಾನೆ. ನಮ್ಮ ನೀರುಗಂಟಿ ಹೀಗೆ ಲಂಡನ್ನಿನಲ್ಲಿ ಕೂತ ಜರ್ಮನ್ ಲೇಖಕನ ಪುಟಕ್ಕೆ ಹೋದ. ಈ ಹಳ್ಳಿಗಳಲ್ಲಿ ಜಾತಿಯ ಕೊಳೆ ಇತ್ತು, ಗುಲಾಮಗಿರಿ ಇತ್ತು ಎಂದು ಮಾರ್ಕ್ಸ್ 1853ರಲ್ಲೇ ಬರೆದಿದ್ದಾನೆ, ಅದನ್ನು ಮರೆಮಾಚುವುದು ಬೇಡ. ಆದರೆ ಸ್ವಯಂಪೂರ್ಣ ಅನ್ನುವುದನ್ನು ಅವನೂ ಹಾಗೇ ಒಪ್ಪಿಕೊಂಡ. 1871ರಲ್ಲಿ ಕಾನೂನು ಪಂಡಿತ ಹೆನ್ರಿ ಮೇನ್ ಪೂರ್ವ, ಪಶ್ಚಿಮದ ಹಳ್ಳಿಗಳ ಮೇಲೆ ಒಂದು ಪುಸ್ತಕವನ್ನೇ ಬರೆದ.

ಬ್ರಿಟಿಷ್ ಅಧಿಕಾರಿಗೆ ಬೇಕಾಗಿದ್ದ ಹಳ್ಳಿ ಬೇರೆ, ಮಾರ್ಕ್ಸ್‌ಗೆ ಬೇಕಾಗಿದ್ದ ಹಳ್ಳಿ ಬೇರೆ, ಆಮೇಲೆ ನಮ್ಮ ದೇಶಭಕ್ತರಿಗೆ ಬೇಕಾಗಿದ್ದ ಹಳ್ಳಿ ಬೇರೆ. ಸಾಲು ಮಾತ್ರ ಒಂದೇ.

ಗಾಂಧೀಜಿಯನ್ನು ಈ ಸಾಲಿಗೆ ಸೇರಿಸುವಾಗ ಸ್ವಲ್ಪ ನಿಧಾನಿಸಬೇಕು. 1942ರಲ್ಲಿ ಹರಿಜನ ಪತ್ರಿಕೆಯಲ್ಲಿ ಅವರು ಗ್ರಾಮ ಸ್ವರಾಜ್ಯದ ಬಗ್ಗೆ ಬರೆದದ್ದು ಮುಂದೆ ಆಗಬೇಕಾದ ಹಳ್ಳಿಯ ಮಾತು, ಅಲ್ಲಿ ಅಸ್ಪೃಶ್ಯತೆಗೆ ಜಾಗ ಇರಲಿಲ್ಲ. ಹಿಂದೆ ಹಾಗೇ ಇತ್ತು ಅನ್ನುವುದಕ್ಕೂ ಮುಂದೆ ಹೀಗಾಗಲಿ ಅನ್ನುವುದಕ್ಕೂ ವ್ಯತ್ಯಾಸ ಇದೆ. ನಮ್ಮ ಬರಹದಲ್ಲಿ ನಾವು ಎರಡನ್ನೂ ಕಲಸಿಬಿಟ್ಟಿದ್ದೆವು.

ಇನ್ನು 1948ರ ನವೆಂಬರ್ 4. ಸಂವಿಧಾನದ ಕರಡನ್ನು ಸಭೆಯ ಮುಂದಿಟ್ಟು ಅಂಬೇಡ್ಕರ್ ಮಾತಾಡಿದ ದಿನ. ಕರಡಿನಲ್ಲಿ ಹಳ್ಳಿಗೆ ಜಾಗ ಇಲ್ಲ ಅನ್ನುವ ದೂರು ಆಗಲೇ ಇತ್ತು. ಅಂಬೇಡ್ಕರ್ ಆ ದೂರಿನ ಮೂಲಕ್ಕೇ ಕೈ ಹಾಕಿದರು. ಓದಿದ ಭಾರತೀಯರಿಗೆ ಹಳ್ಳಿಯ ಮೇಲಿರುವ ಈ ಮೋಹ ಬಹುಪಾಲು ಮೆಟ್ಕಾಫ್‌ನ ಹೊಗಳಿಕೆಯಿಂದ ಬಂದದ್ದು ಎಂದು ಹೆಸರು ಹಿಡಿದೇ ಹೇಳಿದರು. ಹಳ್ಳಿ ಉಳಿದುಕೊಂಡಿರಬಹುದು, ಆದರೆ ಯಾವ ಮಟ್ಟದಲ್ಲಿ ಉಳಿಯಿತು ಎಂದು ಕೇಳಿದರು. ಸಂಕುಚಿತ ಬುದ್ಧಿ, ಅಜ್ಞಾನ, ಕೋಮುಭಾವನೆ ತುಂಬಿದ ಜಾಗ ಅದು ಅಂದರು. ಘಟಕವಾಗಿ ವ್ಯಕ್ತಿಯನ್ನು ಹಿಡಿದದ್ದೇ ಸರಿ ಅಂದರು.

ನಮಗೆ ಅನ್ನಿಸುವ ಮಟ್ಟಿಗೆ, ಸಾಹಿತ್ಯ ಸಮೀಕ್ಷೆ ಅಂದರೆ ಇದು. ಎಲ್ಲರೂ ಬಳಸುವ ಮಾತನ್ನು ಮೊದಲು ಆಡಿದವನ ಹತ್ತಿರ ಹೋಗಿ, ನೀನು ಯಾರನ್ನು ಲೆಕ್ಕಕ್ಕೆ ಹಿಡಿದೆ, ಯಾರನ್ನು ಬಿಟ್ಟೆ ಅಂತ ಕೇಳುವುದು. ತಾತ ಫೋನಿನಲ್ಲಿ ಕೇಳಿದ್ದೂ ಅದೇ. ಬಾವಿಯಿಂದ ಹೊರಗಿದ್ದವರನ್ನು ಬಿಟ್ಟರೆ ಯಾವ ಊರೂ ಪೂರ್ಣವಾಗಿಯೇ ಕಾಣುತ್ತದೆ.

ಸಭೆಯಲ್ಲಿ ಹಲವರಿಗೆ ಆ ಮಾತು ಕಹಿಯಾಯಿತು. ಅದೇ ತಿಂಗಳ 22ರಂದು ಕೆ. ಸಂತಾನಂ ಪಂಚಾಯಿತಿಗಳ ಬಗ್ಗೆ ತಿದ್ದುಪಡಿ ತಂದರು, ಅಂಬೇಡ್ಕರ್ ಒಪ್ಪಿಕೊಂಡರು. ಅದೇ ಇವತ್ತಿನ 40ನೇ ವಿಧಿ.

ದಿಲ್ಲಿಯಲ್ಲಿ ಈ ಮಾತುಕತೆ ನಡೆದ ವರ್ಷವೇ ಮೈಸೂರಿನ ಎಂ.ಎನ್. ಶ್ರೀನಿವಾಸ್ ಮೈಸೂರು ಹತ್ತಿರದ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಉಳಿದು ನೋಡುತ್ತಿದ್ದರು. ಅವರಿಗೆ ಸಿಕ್ಕ ಬಿಡಾರ ಗೌಡರ ಎತ್ತು ಕಟ್ಟುವ ಮನೆಯ ಒಂದು ಭಾಗ. ಪುಸ್ತಕದಲ್ಲಿರುವ ಹಳ್ಳಿಗಿಂತ ಕಣ್ಣಿಗೆ ಕಾಣುವ ಹಳ್ಳಿ ಬೇರೆ ಅನ್ನುವುದು ಅವರ ಮಾತು. 1960ರಲ್ಲಿ ಅವರೂ ಎ.ಎಂ. ಶಾ ಅವರೂ ಸೇರಿ ಎಕನಾಮಿಕ್ ವೀಕ್ಲಿಯಲ್ಲಿ ಒಂದು ಲೇಖನ ಬರೆದರು. ಭಾರತದ ಹಳ್ಳಿಯ ಸ್ವಯಂಪೂರ್ಣತೆ ಒಂದು ಕಟ್ಟುಕಥೆ ಅನ್ನುವುದನ್ನು ತಲೆಬರಹದಲ್ಲೇ ಹೇಳಿದ ಲೇಖನ ಅದು. ವಾರದ ಸಂತೆ, ಊರಾಚೆಯ ನೆಂಟಸ್ತನ, ಹತ್ತಾರು ಊರಿಗೆ ಹಬ್ಬಿದ ಜಾತಿ ಕಟ್ಟುಪಾಡು, ಯಾತ್ರೆ, ದೊರೆಗೆ ಕಟ್ಟುವ ಕಂದಾಯ, ಇಷ್ಟೆಲ್ಲ ಇರುವಾಗ ಹಳ್ಳಿ ಒಂಟಿ ದ್ವೀಪ ಆಗುವುದು ಹೇಗೆ? ಸಣ್ಣ ಊರಲ್ಲಿ ಎಲ್ಲ ಕಸುಬಿನವರೂ ಇರುತ್ತಲೇ ಇರಲಿಲ್ಲ. 1810ರಿಂದ 1960, ನೂರೈವತ್ತು ವರ್ಷ. ನಮ್ಮ ನೋಟ್ಸ್‌ಗೆ ಆ ಲೇಖನ ಇನ್ನೂ ತಲುಪಿರಲಿಲ್ಲ, ಅಷ್ಟೇ.

ಶ್ರೀನಿವಾಸ್ ಅವರದೂ ಪೂರ್ಣ ನೋಟ ಅಂತ ಹೇಳಲಾರೆವು. ಬ್ರಾಹ್ಮಣರು, ಗೌಡರ ಆಸರೆಯಲ್ಲಿ ಇದ್ದವರು. ದಲಿತರ ಕೇರಿಗೂ ಅವರಿಗೂ ನಡುವೆ ಅದೇ ಅಡ್ಡ. ತಾನು ಕಂಡದ್ದು ಮೇಲುಜಾತಿಯ ಕಣ್ಣಿನಿಂದ ಎಂದು ಅವರೇ ಬರೆದುಕೊಂಡಿದ್ದಾರೆ. ಹಾಗೆ ಬರೆದದ್ದು ದೊಡ್ಡ ವಿಷಯ. ಮುಂದೆ ಓದುವವರಿಗೆ ಯಾವ ಮೂಲೆ ಕತ್ತಲಲ್ಲಿದೆ ಅನ್ನುವುದಾದರೂ ಗೊತ್ತಾಗುತ್ತದೆ.

1970ರಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಅಧ್ಯಯನ ಕೇಂದ್ರದಲ್ಲಿ ಕೂತು ಆ ಹಳ್ಳಿಯ ಮೇಲೆ ಪುಸ್ತಕ ಬರೆಯಲು ಹೊರಟಿದ್ದರು. ಯಾರೋ ಕಟ್ಟಡಕ್ಕೆ ಬೆಂಕಿ ಇಟ್ಟರು. ವರ್ಷಗಟ್ಟಲೆ ಕೂತು ಸಿದ್ಧ ಮಾಡಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋಯಿತು. ದಿನ ಏಪ್ರಿಲ್ 24. ಪಂಚಾಯತ್ ರಾಜ್ ದಿನ ಆಗ ಇರಲಿಲ್ಲ, 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಅದೇ ತಾರೀಖು. ಬರೀ ಕಾಕತಾಳೀಯ, ಆದರೂ ನಮಗೆ ಆ ತಾರೀಖು ಕಂಡಾಗ ತಾತನ ಫೋನ್ ನೆನಪಾಗುತ್ತದೆ. ಉಳಿದ ನೆನಪಿನ ಮೇಲೆ ಅವರು ಬರೆದ ದಿ ರಿಮೆಂಬರ್ಡ್ ವಿಲೇಜ್ 1976ರಲ್ಲಿ ಬಂತು.

ಪುಸ್ತಕದಲ್ಲಿ ಹಳ್ಳಿಯ ಹೆಸರು ರಾಂಪುರ. ನಿಜವಾದ ಹೆಸರಲ್ಲ. ಮಂಡ್ಯ ಸೀಮೆಯಲ್ಲಿ 1950ರ ದಶಕದಲ್ಲಿ ಅಧ್ಯಯನ ಮಾಡಿದ ಸ್ಕಾರ್ಲೆಟ್ ಎಪ್‌ಸ್ಟೈನ್ ಕೂಡ ನಾಲೆ ನೀರು ಬಂದ ಊರಿಗೆ ವಂಗಲ, ಒಣ ಊರಿಗೆ ದಲೇನ ಅಂತ ಹೆಸರಿಟ್ಟರು. ನಕ್ಷೆಯಲ್ಲಿ ಹುಡುಕಿದರೆ ಎರಡೂ ಸಿಗುವುದಿಲ್ಲ. ಜಗಳ, ಸಾಲ, ಮನೆಯೊಳಗಿನ ಮಾತು ಹೇಳಿಕೊಂಡವರು ನಾಳೆ ಅದೇ ಬೀದಿಯಲ್ಲಿ ಬದುಕಬೇಕಲ್ಲ, ಅದಕ್ಕೆ. ರಾಂಪುರದ ನಿಜ ಹೆಸರು ಈಗ ಹಲವರಿಗೆ ಗೊತ್ತು, ನಮಗೂ ಗೊತ್ತು. ಇಲ್ಲಿ ಬರೆಯುವುದಿಲ್ಲ. ಈಗ ಸರ್ವೆಗೆ ಬರುವ ಹುಡುಗರು ಮೊದಲೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ, ಒಳ್ಳೆಯದೇ. ಆದರೆ ಬರೆದಾದ ಮೇಲೆ ಹಳ್ಳಿಗೆ ತಿರುಗಿ ಬಂದು ಓದಿ ಹೇಳಿದವರನ್ನು ನಾವು ಕಂಡದ್ದು ಕಡಿಮೆ.

ನಾವೂ ತಡ ಮಾಡಿದೆವು. ಎರಡು ವರ್ಷವಾದ ಮೇಲೆ ಮೊನ್ನೆ ತಾತನ ಊರಿಗೆ ಹೋಗಿ ಜಗುಲಿಯಲ್ಲಿ ಕೂತು ಇದನ್ನೆಲ್ಲ ಹೇಳಿದೆವು. ವಿಲ್ಕ್ಸ್ ಹೆಸರು ಕೇಳಿ ನಕ್ಕರು. ಅಂಬೇಡ್ಕರ್ ಮಾತು ಬಂದಾಗ ಇನ್ನೊಂದು ಸಲ ಹೇಳಿ ಅಂದರು. ಹೆಸರು ಹಾಕಲೇ ಅಂತ ಕೇಳಿದ್ದಕ್ಕೆ "ಬ್ಯಾಡಿ, ಊರ್‍ನ ಹೆಸ್ರೂ ಬ್ಯಾಡ" ಅಂದರು.

ಕಳಿಸುವ ಮೊದಲು ಫೋನಿನಲ್ಲಿ ಮೊದಲ ಭಾಗ ಓದಿ ಹೇಳಿದೆವು. ಸಂತೆಗೆ ಹೋಗುತ್ತಿದ್ದದ್ದು "ನಮ್ಮಪ್ಪ" ಅಂತ ನಾವು ಬರೆದುಕೊಂಡಿದ್ದೆವು. "ಅಪ್ಪ ಅಲ್ಲ ಸ್ವಾಮಿ, ಅವ್ವ. ಅಪ್ಪ ಗೌಡ್ರ ಮನೇಲಿ ಜೀತಕ್ಕಿದ್ದ, ಅವನ್ಗೆಲ್ಲಿ ಬಿಡುವು" ಅಂದರು. ತಿದ್ದಿದ್ದೇವೆ.